ಶಾಪ್‌ಸ್ಮಿತ್ ಮತ್ತು ಸಡಿಲಾದ ಸ್ಕ್ರೂಗಳು

ಶಾಪ್‌ಸ್ಮಿತ್ ಅಂದರೆ ನಮ್ಮೂರ ಕಡೆಯ ಆಚಾರ್ರಿಗೆ ಗೊತ್ತಾಗಲಿಕ್ಕಿಲ್ಲ. ಅಮೆರಿಕದಲ್ಲಿ ಮನೆಯಲ್ಲೇ ಮರಗೆಲಸದ ಹುಚ್ಚು ಹಚ್ಚಿಕೊಂಡವರಿಗೆ ಅದು ಚಿರಪರಿಚಿತ ಹೆಸರು. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ, ಜರ್ಮನಿಯಿಂದ ವಲಸೆ ಬಂದು ಕ್ಯಾಲಿಫೋರ್ನಿಯಾದಲ್ಲಿದ್ದ ಹ್ಯಾನ್ಸ್ ಗೋಲ್ಡ್‌ಸ್ಮಿಟ್ ರೂಪಿಸಿದ ಯಂತ್ರ ಇದು. (ವಲಸೆ ಬಂದವನು ಅಂತ ಓದಿ ನನಗೂ ಸ್ವಲ್ಪ ಜಂಬ ಬಂತು ಅನ್ನಿ!) ಇರುವುದು ಒಂದೇ ಮೋಟಾರು. ಅದಕ್ಕೆ ಗರಗಸದ ಚಕ್ರ ಹಾಕಿದರೆ ಮರ ಕೊಯ್ಯುತ್ತದೆ, ಉಪ್ಪುಕಾಗದದ ತಟ್ಟೆ ಹಾಕಿದರೆ ಉಜ್ಜುತ್ತದೆ, ಎತ್ತಿ ನಿಲ್ಲಿಸಿದರೆ ಡ್ರಿಲ್ ಆಗುತ್ತದೆ, ಮಲಗಿಸಿದರೆ ಲೇತ್. ಪುಣೆಯ ಫ್ಲ್ಯಾಟಿನ ಬಾಲ್ಕನಿಯಲ್ಲಿ ಪುಟ್ಟ ಲೇತ್ ಇಟ್ಟುಕೊಂಡು ಪಕ್ಕದ ಮನೆಯವರಿಂದ ದಿನಾ ಮಾತು ಕೇಳುವ ನನ್ನಂಥವನಿಗೆ ಇದರ ಮೇಲೆ ಆಸೆ ಹುಟ್ಟದೆ ಇರುತ್ತದೆಯೇ?

ವಿಚಿತ್ರ ಏನೆಂದರೆ, ಮರಗೆಲಸ ಗೊತ್ತೇ ಇಲ್ಲದ ಕಾನೂನು ವಿದ್ಯಾರ್ಥಿಗಳೂ ಈ ಯಂತ್ರದ ಬಗ್ಗೆ ಓದುತ್ತಾರೆ.

1955ರ ಕ್ರಿಸ್‌ಮಸ್‌ಗೆ ಕ್ಯಾಲಿಫೋರ್ನಿಯಾದ ಗ್ರೀನ್‌ಮನ್ ಎಂಬುವರಿಗೆ ಅವರ ಹೆಂಡತಿ ಶಾಪ್‌ಸ್ಮಿತ್ ಉಡುಗೊರೆ ಕೊಟ್ಟರು. ಅಂಗಡಿಯಲ್ಲಿ ಅದು ಕೆಲಸ ಮಾಡುವುದನ್ನು ನೋಡಿ, ತಯಾರಕರ ಪುಸ್ತಿಕೆ ಓದಿ, ಬೇಕೇ ಬೇಕು ಅಂದುಕೊಂಡಿದ್ದವರು ಅವರು. 1957ರಲ್ಲಿ ಲೇತ್ ಕೆಲಸಕ್ಕೆ ಬೇಕಾದ ಬಿಡಿಭಾಗಗಳನ್ನೂ ಕೊಂಡರು. ಒಂದು ದೊಡ್ಡ ಮರದ ತುಂಡನ್ನು ಕಡೆದು ಪಾನಪಾತ್ರೆ ಮಾಡುವ ಆಸೆ. ನಾಲ್ಕಾರು ಸಲ ಏನೂ ತೊಂದರೆಯಾಗಲಿಲ್ಲ. ಆಮೇಲೊಂದು ದಿನ ತುಂಡು ಯಂತ್ರದಿಂದ ಹಾರಿ ಹಣೆಗೇ ಬಡಿಯಿತು. ತೀವ್ರ ಪೆಟ್ಟು.

ಲೇತ್ ಬಳಸಿದವರಿಗೆ ಗೊತ್ತು, ದೊಡ್ಡ ತುಂಡು ಕಟ್ಟಿದರೆ ಅದು ದುಂಡಗಾಗಿ ಸಮತೂಕಕ್ಕೆ ಬರುವವರೆಗೂ ಎಲ್ಲ ಗಡಗಡ ನಡುಗುತ್ತದೆ. ತುಂಡಿನ ಒಂದು ತುದಿಯನ್ನು ಒತ್ತಿ ಹಿಡಿಯುವ ಟೇಲ್‌ಸ್ಟಾಕ್ ಕೂದಲೆಳೆಯಷ್ಟು ಹಿಂದೆ ಸರಿದರೂ ಮುಗಿಯಿತು. ಕೋರ್ಟಿನಲ್ಲಿ ತಜ್ಞರು ಹೇಳಿದ್ದೂ ಅದನ್ನೇ. ಭಾಗಗಳನ್ನು ಬಿಗಿಹಿಡಿಯುವ ಸೆಟ್ ಸ್ಕ್ರೂಗಳು ಸಾಲದಾಗಿದ್ದವು, ಮಾಮೂಲಿ ಕಂಪನಕ್ಕೇ ಟೇಲ್‌ಸ್ಟಾಕ್ ಸರಿಯುತ್ತಿತ್ತು, ಇದಕ್ಕಿಂತ ಭದ್ರವಾಗಿ ಬಿಗಿಯುವ ದಾರಿಗಳಿದ್ದವು. ಅಂದರೆ ಉಳಿ ಹಿಡಿದ ಕೈಯದ್ದಲ್ಲ ತಪ್ಪು.

ಜ್ಯೂರಿ 65,000 ಡಾಲರ್ ಪರಿಹಾರ ಕೊಡಿಸಿತು. ತಯಾರಕರು ಬಿಡುತ್ತಾರೆಯೇ? ನೋಟಿಸ್ ಕೊಟ್ಟದ್ದು ಹತ್ತೂವರೆ ತಿಂಗಳ ಮೇಲೆ, ವಾರಂಟಿ ನಿಯಮದ ಪ್ರಕಾರ ತಡವಾಯಿತು ಎಂದು ವಾದಿಸಿದರು. 1963ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ರೋಜರ್ ಟ್ರೇನರ್ ಅದನ್ನು ಒಪ್ಪಲಿಲ್ಲ. ತಯಾರಕನ ಜೊತೆ ವ್ಯವಹಾರವನ್ನೇ ಮಾಡದ, ಪೆಟ್ಟು ತಿಂದ ಸಾಮಾನ್ಯ ಮನುಷ್ಯನಿಗೆ ವ್ಯಾಪಾರಿಗಳ ನಿಯಮ ಯಾಕೆ? ಯಾರೂ ಪರೀಕ್ಷಿಸದೆಯೇ ಬಳಸುತ್ತಾರೆಂದು ಗೊತ್ತಿದ್ದೂ ಮಾರುಕಟ್ಟೆಗೆ ಬಿಟ್ಟ ವಸ್ತುವಿನ ದೋಷದಿಂದ ಗಾಯವಾದರೆ, ವಾರಂಟಿ ಇರಲಿ ಬಿಡಲಿ, ತಯಾರಕನೇ ಹೊಣೆ ಎಂದರು. ಸೋಡಾ ಬಾಟಲಿ ಸಿಡಿದ 1944ರ ಎಸ್ಕೋಲಾ ಮೊಕದ್ದಮೆಯಲ್ಲೂ ಅವರು ಪ್ರತ್ಯೇಕ ಅಭಿಪ್ರಾಯ ಬರೆದು ಇದನ್ನೇ ಹೇಳಿದ್ದರು. ಆಗ ಉಳಿದ ನ್ಯಾಯಮೂರ್ತಿಗಳು ಅಷ್ಟು ದೂರ ಹೋಗಿರಲಿಲ್ಲ. ಪುಣ್ಯಾತ್ಮ, 19 ವರ್ಷ ಕಾದರು! ಆಮೇಲೆ ಅಮೆರಿಕದ ಬಹುತೇಕ ರಾಜ್ಯಗಳು ಇದೇ ದಾರಿ ಹಿಡಿದವು.

ನಮ್ಮ 1986ರ ಗ್ರಾಹಕ ಕಾಯ್ದೆ ಒಂದು ವಿಷಯದಲ್ಲಿ ಉದಾರವಾಗಿತ್ತು. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಅದರಲ್ಲಿ ಗ್ರಾಹಕರೇ, ಹಾಗಾಗಿ ಹೆಂಡತಿ ಕೊಡಿಸಿದ ಯಂತ್ರಕ್ಕೂ ದೂರು ಕೊಡಬಹುದಿತ್ತು. ಆದರೆ ವಿನ್ಯಾಸದ ದೋಷಕ್ಕೆ ತಯಾರಕನೇ ಹೊಣೆ ಎಂದು ಬಿಡಿಸಿ ಹೇಳುವ ಪ್ರತ್ಯೇಕ ಅಧ್ಯಾಯ ಬಂದದ್ದು 2019ರ ಕಾಯ್ದೆಯಲ್ಲಿ. ಅದು ಜಾರಿಯಾದದ್ದು 2020ರ ಜುಲೈನಲ್ಲಿ, ಗ್ರೀನ್‌ಮನ್ ಗೆದ್ದ 57 ವರ್ಷಗಳ ಮೇಲೆ.