ಜಾವಾ ಎಂಜಿನ್ನಿನ ಮೇಲೆ ಯೆಜ್ಡಿ ಹೆಸರು

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಣ್ಣ (ದೊಡ್ಡಪ್ಪನ ಮಗ) ಒಂದು ಪಂಚಾಯ್ತಿ ತಂದಿಟ್ಟ. ನಮ್ಮದು ಹರಿಹರ ತಾಲ್ಲೂಕಿನ ಕೊಂಡಜ್ಜಿ. ದಾವಣಗೆರೆ ಕಡೆಯವರಿಗೆ ಅಲ್ಲಿನ ಕೆರೆ, ಗುಡ್ಡ, ಸ್ಕೌಟ್ಸ್ ತರಬೇತಿ ಕೇಂದ್ರ ಗೊತ್ತಿರುತ್ತೆ. ಶಾಲೆಯಲ್ಲಿ ಖಾಕಿ ಚಡ್ಡಿ ಹಾಕಿಕೊಂಡು ಕ್ಯಾಂಪಿಗೆ ಬಂದವರು ನಿಮ್ಮಲ್ಲೂ ಇರಬಹುದು :)

ವಿಷಯ ಏನಪ್ಪಾ ಅಂದ್ರೆ, ದೊಡ್ಡಪ್ಪನ ಜಾವಾ ಬೈಕು. ಆರ್‌ಸಿ ಪ್ರಕಾರ 1969ರ ಗಾಡಿ, ನಂಬರು "ಎಂವೈ" ಅಂತ ಶುರುವಾಗುತ್ತೆ, ಅಂದರೆ ಇನ್ನೂ ಮೈಸೂರು ರಾಜ್ಯ ಇದ್ದ ಕಾಲದ್ದು. ದೊಡ್ಡಪ್ಪ ತೀರಿಹೋದ ಮೇಲೆ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಅದಕ್ಕೂ ಮೊದಲು, ಕಾಲೇಜು ದಿನಗಳಲ್ಲಿ ಅಣ್ಣನೇ ಅದರ ಹಿಂದಿನ ಮಡ್‌ಗಾರ್ಡ್ ಕತ್ತರಿಸಿ, ಎತ್ತರದ ಹ್ಯಾಂಡಲ್ ಹಾಕಿಸಿ, ಟ್ಯಾಂಕಿಗೆ ಕಪ್ಪು ಬಣ್ಣ ಬಳಿಸಿ "ಕಸ್ಟಮ್" ಮಾಡಿದ್ದ. ಈಗ ಮಗಳ ಕಾಲೇಜು ಫೀಸಿಗೆ ದುಡ್ಡು ಬೇಕು, ಮಾರೋಣ ಅಂತ ತೀರ್ಮಾನ. ಬೆಂಗಳೂರಿಂದ ಒಬ್ಬರು ನೋಡಲು ಬಂದರು, ಒಳ್ಳೆಯ ಬೆಲೆಯನ್ನೇ ಹೇಳಿದರು. ಆದರೆ ಬಗ್ಗಿ ಎಂಜಿನ್ ನೋಡಿದವರು ಮುಖ ಕಿವುಚಿದರು. ಎಡಗಡೆಯ ಕ್ಲಚ್ ಕವರಿನ ಮೇಲೆ "ಯೆಜ್ಡಿ" ಅಂತ ಇತ್ತು!

"ಇದು ಜಾವಾ ಅಲ್ಲ ಸ್ವಾಮಿ, ಎಂಜಿನ್ ಬದಲಾಯಿಸಿದ್ದಾರೆ" ಅಂದುಬಿಟ್ಟರು. ಬೆಲೆ ಅರ್ಧಕ್ಕಿಳಿಯಿತು. ಅಣ್ಣನಿಗೆ ದುಡ್ಡಿನ ಚಿಂತೆ. ದೊಡ್ಡಮ್ಮನಿಗೆ ಬೇರೆಯದೇ ಸಂಕಟ. "ನಿಮ್ಮ ದೊಡ್ಡಪ್ಪ ಸುಳ್ಳು ಹೇಳೋ ಮನುಷ್ಯ ಅಲ್ಲಪ್ಪಾ. ಜಾವಾ ಅಂದ್ರೆ ಜಾವಾನೇ. ನೀನು ಇಂಜಿನಿಯರು ಓದಿಯಲ್ಲ, ನೀನೇ ನೋಡಿ ಹೇಳು" ಅಂದರು.

ನಾನು ಓದಿದ್ದು ಎಂಜಿನಿಯರಿಂಗೇ, ಆದರೆ ಮಾಡುವುದು ಸಾಫ್ಟ್‌ವೇರು. ಸ್ಪ್ಯಾನರ್ ಹಿಡಿದದ್ದು ಫಸ್ಟ್ ಇಯರ್ ವರ್ಕ್‌ಶಾಪಿನಲ್ಲಿ. ಆದರೂ ಒಪ್ಪಿಕೊಂಡೆ.

ಗಾಡಿ ಬಿಚ್ಚುವ ಮೊದಲು ಸ್ವಲ್ಪ ಇತಿಹಾಸ.

ಜಾವಾ ಶುರುವಾದದ್ದು 1929ರಲ್ಲಿ, ಆಗಿನ ಚೆಕೊಸ್ಲೊವಾಕಿಯಾದಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಅನ್ನುವ ಎಂಜಿನಿಯರ್ ಆಯುಧಗಳ ಕಾರ್ಖಾನೆ ನಡೆಸುತ್ತಿದ್ದ. ಜರ್ಮನಿಯ ವಾಂಡರರ್ ಕಂಪನಿಯಿಂದ ಒಂದು 500 ಸಿಸಿ ಬೈಕಿನ ವಿನ್ಯಾಸ ಕೊಂಡು, ತನ್ನ ಹೆಸರಿನ "ಜಾ" ಮತ್ತು ವಾಂಡರರ್‌ನ "ವಾ" ಸೇರಿಸಿ ಹೆಸರಿಟ್ಟ. ಬಂದೂಕು ಮಾಡುವವನಿಗೆ ಒಂದು ಶಿಸ್ತು ಇದ್ದೇ ಇರುತ್ತೆ. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರಲೇಬೇಕು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾರತದಲ್ಲಿ ಜಾವಾ ತಯಾರಾದದ್ದು ನಮ್ಮ ಮೈಸೂರಿನಲ್ಲೇ. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿತ್ತು. ತಯಾರಿಕೆ ಶುರುವಾದದ್ದು 1961ರಲ್ಲಿ. ಜಾವಾ 250ರಲ್ಲಿ ಸಿಲಿಂಡರ್ ಒಂದೇ, ಆದರೆ ಸೈಲೆನ್ಸರ್ ಎರಡು. ಬೋರ್ 65 ಮಿಮೀ, ಸ್ಟ್ರೋಕ್ 75 ಮಿಮೀ. ಲೆಕ್ಕ ಹಾಕಿದರೆ ಸುಮಾರು 249 ಸಿಸಿ. 1973ರಿಂದ ಅದೇ ಕಾರ್ಖಾನೆಯ ಗಾಡಿಗಳು "ಯೆಜ್ಡಿ" ಹೆಸರಿನಲ್ಲಿ ಬಂದವು. ತಮಾಷೆ ನೋಡಿ, ಮೈಸೂರು ರಾಜ್ಯ ಕರ್ನಾಟಕ ಆದದ್ದೂ ಅದೇ 1973ರ ನವೆಂಬರ್ 1ರಂದು. ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರಿಗೆ ಮರುಜೀವ ಕೊಟ್ಟಿತು. ಆದರೆ ಅವು ಫೋರ್‌ಸ್ಟ್ರೋಕ್ ಗಾಡಿಗಳು, ಹಳೆಯ ಟೂಸ್ಟ್ರೋಕ್ ಸದ್ದು ಅವುಗಳಲ್ಲಿಲ್ಲ.

ಹಾಗಾದರೆ 1969ರ ಗಾಡಿಯ ಮೇಲೆ 1973ರ ನಂತರ ಬಂದ ಹೆಸರು ಹೇಗೆ ಬಂತು? ಅದೇ ಪ್ರಶ್ನೆ.

ಹರಿಹರದಿಂದ ಒಬ್ಬ ಹಿರಿಯ ಮೇಸ್ತ್ರಿಯನ್ನು ಕರೆಸಿದೆವು. ಟೀ ಕುಡಿಯುತ್ತಾ ಗಾಡಿಯನ್ನು ಒಂದು ಸುತ್ತು ನೋಡಿ ಅವರು ಹೇಳಿದ ಮೊದಲ ಮಾತು, "ಕವರು ಅಂದ್ರೆ ಅಂಗಿ ಇದ್ದಂಗೆ ತಮ್ಮಾ. ಅಂಗಿ ನೋಡಿ ಆಳು ಯಾರು ಅನ್ನಬ್ಯಾಡ."

ಎಷ್ಟು ಸರಿ! ಎಂಜಿನ್ನಿನ ಗುರುತು ಇರುವುದು ಕ್ರ್ಯಾಂಕ್‌ಕೇಸಿನ ಮೇಲೆ ಒತ್ತಿದ ನಂಬರಿನಲ್ಲಿ. ಸೀಮೆಎಣ್ಣೆ ಹಾಕಿ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆವು. ಮಣ್ಣು, ಗ್ರೀಸು ಹೋಗಿ ಅಂಕಿಗಳು ಕಂಡವು. ಆರ್‌ಸಿ ತಂದು ಒಂದೊಂದೇ ಅಂಕಿ ಓದಿದೆ. ಒಂದೂ ತಪ್ಪಿಲ್ಲ! ಅಂಕಿಗಳ ಸುತ್ತ ಅರ ಹಾಕಿದ ಗುರುತಾಗಲಿ, ಮತ್ತೆ ಒತ್ತಿದ ಗುರುತಾಗಲಿ ಇರಲಿಲ್ಲ. ಅಂದರೆ ಎಂಜಿನ್ ಬದಲಾಗಿಲ್ಲ. ಹಳೆಯ ಗಾಡಿ ಕೊಳ್ಳುವವರು ಮೊದಲು ನೋಡಬೇಕಾದ್ದು ಇದನ್ನೇ. ದಾಖಲೆಗೆ ವಿರುದ್ಧವಾಗಿ ಗಾಡಿಯ ಮೂಲ ಸ್ವರೂಪ ಬದಲಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನೇ ಹೇಳುತ್ತೆ.

ಆದರೆ ಕೇಸು ಜಾವಾ ಆದ ಮಾತ್ರಕ್ಕೆ ಒಳಗಿರುವುದೆಲ್ಲ ಜಾವಾ ಅನ್ನಲಾಗದು. ಗೇರ್‌ಬಾಕ್ಸು, ಕ್ಲಚ್ಚು ಯಾವುದು ಅಂತ ಹೇಗೆ ತಿಳಿಯುವುದು? ಮೇಸ್ತ್ರಿ ತೋರಿಸಿಕೊಟ್ಟ ಕ್ರಮ ಹೀಗಿತ್ತು.

ಮೊದಲು ಕಿಕ್ಕರ್. ಹಳೆಯ ಜಾವಾದಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ, ಎಡಗಡೆ ಇರುತ್ತೆ. ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ವಾಪಸ್ ತಂದರೆ ಗೇರ್. ಅದೇ ಕಾಲದ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ. 1955ರಲ್ಲಿ ಮದ್ರಾಸಿಗೆ ಬಂದ ಆ ಗಾಡಿಯಲ್ಲಿ ಗೇರ್‌ಬಾಕ್ಸು ಎಂಜಿನ್ನಿನ ಹಿಂದೆ ಬೋಲ್ಟ್ ಹಾಕಿದ ಬೇರೆಯೇ ಪೆಟ್ಟಿಗೆ, ಇಂಗ್ಲೆಂಡಿನ ಆಲ್ಬಿಯನ್ ಕಂಪನಿಯ ವಿನ್ಯಾಸ. ಜಾವಾದಲ್ಲಿ ಎಂಜಿನ್ನು, ಗೇರ್‌ಬಾಕ್ಸು ಒಂದೇ ಎರಕದೊಳಗೆ.

ಎರಡನೆಯದು ಗೇರುಗಳ ಎಣಿಕೆ. ಜಾವಾಕ್ಕೆ 4 ಗೇರು, ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನು ಹೊತ್ತ ರಾಜ್‌ದೂತ್ 175ಕ್ಕೆ 3. ಹಿಂದಿನ ಚಕ್ರ ಕೈಯಲ್ಲಿ ತಿರುಗಿಸುತ್ತಾ ಒಂದೊಂದೇ ಗೇರು ಹಾಕಿದೆವು. ನಾಲ್ಕೂ ಬಿದ್ದವು.

ಮೂರನೆಯದು ನಟ್ಟು ಬೋಲ್ಟು. ಇದು ನನಗೆ ಬಹಳ ಇಷ್ಟವಾಯಿತು. ಚೆಕ್ ದೇಶದವರದು ಮೆಟ್ರಿಕ್ ಅಳತೆ. ಇಂಗ್ಲಿಷರ ಗಾಡಿಗಳಲ್ಲಿ ಇಂಚಿನ ಅಳತೆ. ಅಲ್ಲಿ ಜೋಸೆಫ್ ವಿಟ್‌ವರ್ತ್ 1841ರಲ್ಲಿ ರೂಪಿಸಿದ ಥ್ರೆಡ್ಡಿನ ಕೋನ 55 ಡಿಗ್ರಿ, ಮೆಟ್ರಿಕ್‌ನಲ್ಲಿ 60. ಬರಿಗಣ್ಣಿಗೆ ವ್ಯತ್ಯಾಸ ಕಾಣಲ್ಲ, ಥ್ರೆಡ್ ಗೇಜ್ ಇಟ್ಟರೆ ಬೆಳಕು ತೂರಿ ಬರುತ್ತೆ. ನಾವು ಬಿಚ್ಚಿದ ಸ್ಕ್ರೂಗಳೆಲ್ಲ ಮೆಟ್ರಿಕ್. ಚೈನೂ ಹಾಗೇ. 10 ಕೊಂಡಿಗಳ ಉದ್ದ ಅಳೆದರೆ ಜಾವಾದ ಅರ್ಧ ಇಂಚಿನ ಚೈನು 127 ಮಿಮೀ ಬರಬೇಕು, ಬುಲೆಟ್‌ನದು ಸುಮಾರು 159. ನಮ್ಮದು 127ಕ್ಕಿಂತ ಕೊಂಚ ಹೆಚ್ಚು ಬಂತು. "ಚೈನು ಸವೆದೈತಿ ಬಿಡು" ಅಂದರು ಮೇಸ್ತ್ರಿ.

ನಾಲ್ಕನೆಯದು ಕ್ಲಚ್ಚು. ಹಳೆಯ ಜಾವಾದ ವಿಶೇಷವೇ ಇದು. ಗೇರ್ ಲಿವರ್ ಒತ್ತಿದರೆ ಅದೇ ಚಲನೆ ಒಳಗೆ ಕ್ಲಚ್ಚನ್ನೂ ಬಿಡಿಸುತ್ತೆ. ಓಡುವ ಗಾಡಿಯಲ್ಲಿ ಕೈಯ ಕ್ಲಚ್ ಹಿಡಿಯದೆ ಗೇರು ಬದಲಿಸಬಹುದು. ಎರಡನೇ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ಬಂದ "ಪೆರಾಕ್" ಮಾಡೆಲ್ಲಿನಲ್ಲೇ ಈ ವ್ಯವಸ್ಥೆ ಇತ್ತು. ಪರೀಕ್ಷೆ ಸುಲಭ. ಎಂಜಿನ್ ಆಫ್, ಗಾಡಿ ಗೇರಿನಲ್ಲಿ. ತಳ್ಳಿದರೆ ಬಿಗಿ. ಕ್ಲಚ್ ಮುಟ್ಟದೆ ಗೇರ್ ಲಿವರನ್ನಷ್ಟೇ ಒತ್ತಿ ಹಿಡಿದು ತಳ್ಳಿದರೆ ಸರಾಗವಾಗಿ ಉರುಳಬೇಕು. ಅಣ್ಣ ತಳ್ಳಿದ. ಉರುಳಿತು!

ಹಾಗಾದರೆ ಉಳಿದದ್ದು ಕವರೊಂದೇ. ಎಣ್ಣೆ ಸುರಿಸಿ ಕವರ್ ಬಿಚ್ಚಿದೆವು. ಲಿವರಿನ ಶಾಫ್ಟು ಕವರಿನಿಂದ ಹೊರಬರುವ ತೂತಿನಲ್ಲಿ ಹಳದಿ ಲೋಹದ ಒಂದು ಬುಷ್ ಕೂತಿತ್ತು. ಮೇಸ್ತ್ರಿ ಅದನ್ನು ಬೆರಳಿನಿಂದ ಸವರಿ ಸುಮ್ಮನಾದರು. ಆಮೇಲೆ ಹೇಳಿದರು, "ಇದು ಕಂಪನಿ ಮಾಲಲ್ಲ. ಗನ್‌ಮೆಟಲ್. ಯಾರೋ ಲೇತಿನ ಮ್ಯಾಲೆ ಹೊಡೆದಾರ. ಕೈ ಛಲೋ ಐತಿ."

ಆಗ ದೊಡ್ಡಮ್ಮನಿಗೆ ನೆನಪಾಯಿತು. ದಾವಣಗೆರೆಯಿಂದ ಬರುವಾಗ ಒಮ್ಮೆ ಮಳೆಯಲ್ಲಿ ಜಾರಿ, ಗಾಡಿ ಎಡಕ್ಕೆ ಬಿದ್ದು ಕಲ್ಲಿಗೆ ಬಡಿದಿತ್ತಂತೆ. ಕವರ್ ಒಡೆದು ಎಣ್ಣೆಯೆಲ್ಲ ರಸ್ತೆಗೆ. ದೊಡ್ಡಪ್ಪ ಹರಿಹರದ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ಎಲ್ಲಿಂದಲೋ ಹಳೆಯ ಕವರೊಂದನ್ನು ತಂದು ತಿಂಗಳುಗಟ್ಟಲೆ ಏನೋ ಉಜ್ಜುತ್ತಿದ್ದರಂತೆ. ಟ್ರಂಕಿನಲ್ಲಿ ಹುಡುಕಿದಾಗ ಅವರ ಜೇಬುಡೈರಿ ಸಿಕ್ಕಿತು. 1979ರ ಒಂದು ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದ ಬುಷ್ ಚಿತ್ರ, ಒಳಸುತ್ತು, ಹೊರಸುತ್ತು, ಉದ್ದ. ವರ್ನಿಯರ್ ಹಿಡಿದು ಅಳೆದೆ. ಹೊರಸುತ್ತು, ಉದ್ದ ಎರಡೂ ತಾಳೆಯಾದವು. ಒಳಸುತ್ತು ಮಾತ್ರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸವೆದಿತ್ತು. ನಾಲ್ಕು ದಶಕ ದಾಟಿದ ಮೇಲೆ ಅಷ್ಟೇ!

ಯೆಜ್ಡಿ ಕವರು ಜಾವಾ ಕೇಸಿಗೆ ಕೂತದ್ದು ಯಾನೆಚೆಕ್‌ನ ಶಿಸ್ತಿನಿಂದ. ಹೆಸರು ಬದಲಾದರೂ ಮೈಸೂರಿನವರು ಅಳತೆ ಬದಲಿಸಿರಲಿಲ್ಲ. ಸವೆದ ತೂತು ಸರಿಹೋದದ್ದು ಹರಿಹರದ ಶಿಸ್ತಿನಿಂದ. ಹರಿಹರ ಅಂದ್ರೆ ಹೊರಗಿನವರಿಗೆ ಹರಿಹರೇಶ್ವರ ದೇವಸ್ಥಾನ, ತುಂಗಭದ್ರೆ. ನಮಗೆ ಅದು ಲೇತ್ ಊರು. 1941ರಲ್ಲಿ, ಯುದ್ಧದ ನಡುವೆ ವಿದೇಶಿ ಯಂತ್ರಗಳು ಸಿಗುವುದೇ ಕಷ್ಟವಾದ ಕಾಲದಲ್ಲಿ, ಮೈಸೂರು ಕಿರ್ಲೋಸ್ಕರ್ ಇಲ್ಲಿ ಶುರುವಾಗಿ ಲೇತ್ ತಯಾರಿಸಿತು. ಬೆಂಗಳೂರಿನ ಎಚ್‌ಎಂಟಿ ಬಂದದ್ದು 1953ರಲ್ಲಿ, ಹನ್ನೆರಡು ವರ್ಷದ ನಂತರ! ಊರಿನಲ್ಲಿ ಯಂತ್ರಾಪುರ ಅನ್ನುವ ಬಡಾವಣೆಯೇ ಇದೆ. ಆ ಕಾರ್ಖಾನೆ ಈಗಿಲ್ಲ. ಆದರೆ ಆ ಕಾಲದ ಕೈಗಳು ಮಾಡಿದ ಎಷ್ಟು ಬುಷ್‌ಗಳು, ಪಿನ್ನುಗಳು ಈ ಸೀಮೆಯ ಪಂಪ್‌ಸೆಟ್ಟು, ಟ್ರ್ಯಾಕ್ಟರು, ಬೈಕುಗಳಲ್ಲಿ ಇನ್ನೂ ತಿರುಗುತ್ತಿವೆಯೋ... ಅವುಗಳ ಮೇಲೆ ಯಾರ ಹೆಸರೂ ಇರಲ್ಲ.

ಬೆಂಗಳೂರಿನವರಿಗೆ ಎಲ್ಲ ಒಂದು ಹಾಳೆಯಲ್ಲಿ ಬರೆದು ಕಳಿಸಿದೆ. ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಜಾವಾ, ಎಡಗವರು ಯೆಜ್ಡಿ, ಬುಷ್ ಕೈಯಲ್ಲಿ ಮಾಡಿದ್ದು, ಹ್ಯಾಂಡಲ್ ಮತ್ತು ಮಡ್‌ಗಾರ್ಡ್ ನಮ್ಮಣ್ಣನ ಪ್ರತಾಪ :) ಎಂಜಿನ್ ನಂಬರಿನ ಫೋಟೋ ಕೂಡ. ಅವರು ಮತ್ತೆ ಬಂದರು. ಮೊದಲು ಹೇಳಿದ ಬೆಲೆಗಿಂತ ಸ್ವಲ್ಪ ಕಡಿಮೆ, ಆದರೆ ಅರ್ಧವಂತೂ ಅಲ್ಲ. ಫೀಸಿಗೆ ಸಾಕಾಯಿತು. ಜಾವಾ ಹೆಸರಿನ ಕವರು ಸಿಕ್ಕರೆ ಹಾಕಿಸುತ್ತೇನೆ ಅಂದರು. "ಆ ಬುಷ್ ಮಾತ್ರ ಬಿಸಾಕಬ್ಯಾಡ್ರಿ, ಅದಕ್ಕೇ ಹಾಕಿಸ್ರಿ" ಅಂದರು ದೊಡ್ಡಮ್ಮ. ಅವರು ಒಪ್ಪಿದ್ದಾರೆ.

ಗಾಡಿ ಹೋಯಿತು, ಡೈರಿ ನಮ್ಮಲ್ಲೇ ಇದೆ. ನಿಮ್ಮ ಮನೆಯ ಕೊಟ್ಟಿಗೆಯಲ್ಲೂ ಗೋಣಿಚೀಲ ಹೊದ್ದ ಗಾಡಿ ಇದ್ದರೆ, ಗುಜರಿಗೆ ಹಾಕುವ ಮುಂಚೆ ಒಮ್ಮೆ ಆರ್‌ಸಿ ಹಿಡಿದು ನಂಬರ್ ಉಜ್ಜಿ ನೋಡಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬಿಚ್ಚಿ. ಅರ್ಧ ಉತ್ತರ ಅವರ ಹತ್ತಿರ ಇರುತ್ತೆ.