ಕೋಲಾರ ಸೀಮೆಯ ಜಲಜನ್ಯ ರೋಗಗಳು: ಶೋಧನೆ ಮತ್ತು ನಿಯಂತ್ರಣದ ಚರಿತ್ರೆ

ಕಾಲರಾ, ಆಮಶಂಕೆ, ವಿಷಮಶೀತಜ್ವರ, ಕಾಮಾಲೆ ಮೊದಲಾಗಿ ಮಲಿನ ಜಲದ ಮೂಲಕ ಹರಡುವ ವ್ಯಾಧಿಗಳ ಚರಿತ್ರೆಯು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ನೀರಿನ ಅಭಾವದ ಚರಿತ್ರೆಯಿಂದ ಬೇರ್ಪಡಿಸಲಾರದಂತಹುದು. ಪಾಲಾರ್, ದಕ್ಷಿಣ ಪಿನಾಕಿನಿಗಳು ಸಹ ಮಳೆ ಬಿದ್ದಾಗಲಷ್ಟೇ ಮೈದುಂಬುವ ಈ ಸೀಮೆಯಲ್ಲಿ, ಪೂರ್ವಿಕರು ಅಪಾರ ಶ್ರಮದಿಂದ ಕಟ್ಟಿದ ಕೆರೆ, ಕುಂಟೆ, ಕಲ್ಯಾಣಿಗಳೇ ಜನಜೀವನಕ್ಕೆ ಆಧಾರವಾಗಿದ್ದುವು. ಆದರೆ ದನಕರು ಮೀಯುವ ನೀರೂ ಕೊಡದಲ್ಲಿ ತುಂಬುವ ನೀರೂ ಒಂದೇ ಆಗಿದ್ದ ಊರುಗಳಲ್ಲಿ, ಬೇಸಗೆ ಬಲಿತು ಕೆರೆಯ ತಳ ಕಾಣತೊಡಗಿದಾಗ ವಾಂತಿಭೇದಿಯೂ ಕಾಣಿಸಿಕೊಳ್ಳುತ್ತಿದ್ದುದು ಆಶ್ಚರ್ಯವಲ್ಲ.

1876-78ರ ಮಹಾಕ್ಷಾಮವು ಇದರ ಅತಿ ದಾರುಣ ನಿದರ್ಶನ. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರ ಗಣತಿಯ ವೇಳೆಗೆ 42 ಲಕ್ಷಕ್ಕಿಂತ ಕೆಳಗಿಳಿದುದಕ್ಕೆ ಹಸಿವಿನಷ್ಟೇ ಅದರ ಬೆನ್ನಿಗೆ ಬಂದ ವ್ಯಾಧಿಗಳೂ ಕಾರಣವಾದುವು. ಅಂದಿನ ಹಳ್ಳಿಗರು ರೋಗದ ದೇವತೆಯೆಂದು ನಂಬಿದ ಅಮ್ಮನನ್ನು ಊರ ಗಡಿ ದಾಟಿಸುವ ಆಚರಣೆಗಳಲ್ಲಿ ಸಮಾಧಾನವನ್ನು ಅರಸಿದುದನ್ನು ಹಗುರವಾಗಿ ಕಾಣುವಂತಿಲ್ಲ. ಏಕೆಂದರೆ 1854ರಲ್ಲಿಯೇ ವೈದ್ಯ ಜಾನ್ ಸ್ನೋ ಲಂಡನ್ನಿನಲ್ಲಿ ಕಾಲರಾದ ಜಾಡನ್ನು ಬೀದಿಯ ಒಂದು ಪಂಪಿನವರೆಗೆ ಹಿಡಿದು ತೋರಿಸಿದ್ದರೂ ವೈದ್ಯಲೋಕದ ಬಹುಭಾಗವು ಇನ್ನೂ ದುರ್ವಾಯುವನ್ನೇ ದೂರುತ್ತಿದ್ದಿತು. 1884ರಲ್ಲಿ ರಾಬರ್ಟ್ ಕೋಖ್ ಕಾಲರಾ ಜೀವಾಣುವನ್ನು ಕಲ್ಕತ್ತೆಯ ಒಂದು ಕೊಳದ ನೀರಿನಲ್ಲಿಯೇ ಕಂಡುದು, ಕೆರೆಯನ್ನು ನೆಚ್ಚಿ ಬಾಳುವ ಇಂತಹ ನಾಡಿಗೆ ಪರಮಮುಖ್ಯವಾದ ಸಂಗತಿ.

1970ರ ದಶಕದಿಂದೀಚೆಗೆ ಕೈಪಂಪು, ಕೊಳವೆಬಾವಿಗಳು ಹಬ್ಬಿ, ತೆರೆದ ನೀರಿನ ಅಪಾಯವು ತಗ್ಗಿತು. ಆದರೆ ಸಾವಿರ ಅಡಿಗೂ ಆಳಕ್ಕೆ ಇಳಿದ ಬಾವಿಗಳು ಫ್ಲೋರೈಡನ್ನು ಮೇಲೆತ್ತಿ ತಂದುವು. ಹಲ್ಲು, ಮೂಳೆಗಳನ್ನು ಕೆಡಿಸುವ ಆ ಬಾಧೆ ಬೇರೆಯೇ ಬಗೆಯದು, ಕ್ಲೋರಿನ್ನಿಗೆ ಬಗ್ಗದುದು. ಅಲ್ಲದೆ ನಲ್ಲಿಗಳಲ್ಲಿ ದಿನಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ, ನೀರು ನಿಂತ ಹೊತ್ತಿನಲ್ಲಿ ಬರಿದಾದ ಕೊಳವೆಯು ತನ್ನ ಬಿರುಕುಗಳ ಮೂಲಕ ಚರಂಡಿಯ ಕೊಳೆಯನ್ನು ಒಳಕ್ಕೆಳೆಯುತ್ತದೆ. ಆದಕಾರಣ ಶುದ್ಧವಾದ ಮೂಲವಿದ್ದೂ ಊರು ರೋಗಕ್ಕೆ ತುತ್ತಾಗಬಹುದು. ಶೋಧಕನು ಬಾವಿಯನ್ನು ಮಾತ್ರವೇ ಪರೀಕ್ಷಿಸಿ ಹಿಂದಿರುಗುವುದು ಸರ್ವಥಾ ಸಲ್ಲದು.

2004ರಲ್ಲಿ ದೇಶದಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯು ಉಪಕೇಂದ್ರ, ಆಸ್ಪತ್ರೆ, ಪ್ರಯೋಗಶಾಲೆಗಳಿಂದ ವಾರವಾರವೂ ವರದಿ ತರಿಸುವ ಕ್ರಮವನ್ನು ನೆಲೆಗೊಳಿಸಿತು. ಭೇದಿಯ ಪ್ರಕರಣಗಳು ಹೆಚ್ಚಿದ ಕೂಡಲೆ ಮನೆಮನೆಗೂ ಹೋಗಿ ರೋಗಿಗಳ ಪಟ್ಟಿಯನ್ನು ಬರೆದು, ಊರಿನ ನಕ್ಷೆಯಲ್ಲಿ ಮನೆಗಳನ್ನು ಗುರುತಿಸಿ, ಕಾಯಿಲೆ ಬಿದ್ದವರೂ ಬೀಳದವರೂ ಯಾವ ನಲ್ಲಿಯ ನೀರನ್ನು ಕುಡಿದರೆಂದು ಹೋಲಿಸಿ ನೋಡುವುದೇ ಶೋಧನೆಯ ತಿರುಳು. ಕಲುಷಿತ ನೀರಿನಿಂದ ಕಪ್ಪಾಗುವ ಹೈಡ್ರೋಜನ್ ಸಲ್ಫೈಡ್ ಬಾಟಲಿಯು ಹಳ್ಳಿಯಲ್ಲಿಯೇ ಸುಳಿವು ಕೊಡುತ್ತದಾದರೂ, ಅದರ ಫಲಕ್ಕಾಗಿ ಕಾಯದೆ ಒಡೆದ ಕೊಳವೆಯನ್ನು ಮುಚ್ಚಿ ಓವರ್‌ಹೆಡ್ ಟ್ಯಾಂಕನ್ನು ತೊಳೆಯಿಸತಕ್ಕದ್ದು. 1,000 ಲೀಟರಿಗೆ ಸುಮಾರು 2.5 ಗ್ರಾಂ ಉತ್ತಮ ಬ್ಲೀಚಿಂಗ್ ಪುಡಿಯನ್ನು ಬೆರೆಸಿ ಒಂದು ಗಂಟೆ ಬಿಡುವುದು ಸಾಮಾನ್ಯ ಕ್ರಮ. ಹಾವಳಿಯ ಕಾಲದಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂ ಇರಬೇಕು, ಅದೂ ಟ್ಯಾಂಕಿನ ಬುಡದಲ್ಲಲ್ಲ, ಊರ ಕೊನೆಯ ನಲ್ಲಿಯಲ್ಲಿ. 1971ರಲ್ಲಿ ಪಶ್ಚಿಮ ಬಂಗಾಳದ ಬೊಂಗಾವ್ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಾಲನಬಿಸ್ ಅವರು ಉಪ್ಪು ಸಕ್ಕರೆಗಳ ದ್ರಾವಣದಿಂದ ಶೇಕಡ 30ರಷ್ಟಿದ್ದ ಮರಣವನ್ನು 4ಕ್ಕಿಂತ ಕೆಳಗಿಳಿಸಿದ ಮೇಲೆ, ಆ ದ್ರಾವಣದ ಓಆರ್‌ಎಸ್ ಪೊಟ್ಟಣವು ಆಶಾ ಕಾರ್ಯಕರ್ತೆಯ ಚೀಲದಲ್ಲಿ ಇಲ್ಲದಿರುವುದು ಕ್ಷಮಾರ್ಹವಲ್ಲ.

2018ರಿಂದ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯಜಲವನ್ನು ಕೆ.ಸಿ. ವ್ಯಾಲಿ ಯೋಜನೆಯು ಇಲ್ಲಿನ ಕೆರೆಗಳಿಗೆ ತುಂಬಿಸುತ್ತಿದ್ದು, ಅದು ಅಂತರ್ಜಲವನ್ನು ಹೆಚ್ಚಿಸುವುದಕ್ಕೇ ಹೊರತು ಕುಡಿಯುವುದಕ್ಕಲ್ಲ; ಕೆರೆಯಂಚಿನ ಬಾವಿಗಳ ನೀರನ್ನು ಕಾಲಕಾಲಕ್ಕೆ ಪರೀಕ್ಷಿಸುವುದು ಈಗ ರೋಗಶೋಧನೆಯ ಹೊಸ ಹೊಣೆಯಾಗಿದೆ.