ಹವಳಸ್ನೇಹಿ ಮೀನುಗಳು

ಮನೆಯ ಕಡಲನೀರಿನ ಅಕ್ವೇರಿಯಂನಲ್ಲಿ ಜೀವಂತ ಹವಳಗಳನ್ನು ಕಚ್ಚದೆ, ಕೆರೆಯದೆ ಅವುಗಳ ಜೊತೆ ಬಾಳುವ ಸಮುದ್ರಮೀನುಗಳು. ಇದು ಪ್ರಾಣಿಶಾಸ್ತ್ರದ ವರ್ಗವಲ್ಲ. ಆಹಾರ ಮತ್ತು ಸ್ವಭಾವ ನೋಡಿ ಸಾಕುವವರು ಮಾಡಿಕೊಂಡ ವಿಂಗಡಣೆ. ಹೆಚ್ಚಿನವು ಹಿಂದೂ ಮಹಾಸಾಗರ ಹಾಗೂ ಪೆಸಿಫಿಕ್‌ನ ಹವಳದಿಬ್ಬಗಳ ಮೂಲದವು.

ಕ್ಲೌನ್ ಮೀನು, ಹಸಿರು ಕ್ರೋಮಿಸ್, ಬಂಗಾಯ್ ಕಾರ್ಡಿನಲ್, ಫೈರ್‌ಫಿಶ್ ಮತ್ತು ಸಣ್ಣ ಗೋಬಿಗಳು ಈ ಗುಂಪಿನ ಮುಖ್ಯ ಸದಸ್ಯರು. ಹೆಚ್ಚಾಗಿ ತೇಲುವ ಸೂಕ್ಷ್ಮಜೀವಿಗಳೇ ಇವುಗಳ ಆಹಾರ. ಸರ್ಜನ್ ಮೀನು ಪಾಚಿ ಮೇಯ್ದು ಹವಳಕ್ಕೆ ನೆರವಾಗುತ್ತದೆ, ಆದರೆ ಈಜಲು ದೊಡ್ಡ ತೊಟ್ಟಿ ಬೇಕು. ಮ್ಯಾಂಡರಿನ್ ಮೀನು ಹವಳಕ್ಕೆ ನಿರಪಾಯಕಾರಿ. ಜೀವಂತ ಸೂಕ್ಷ್ಮ ಕಠಿಣಚರ್ಮಿಗಳು ಬೆಳೆಯದ ಹೊಸ ತೊಟ್ಟಿಯಲ್ಲಿ ಅದು ಹಸಿವಿನಿಂದ ಸಾಯುತ್ತದೆ. ಚಿಟ್ಟೆಮೀನುಗಳಲ್ಲಿ ಹಲವು ಹವಳದ ಜೀವಂತ ಪಾಲಿಪ್‌ಗಳನ್ನೇ ತಿನ್ನುವುದರಿಂದ, ಗಿಳಿಮೀನು ಹವಳದ ಅಸ್ಥಿಯನ್ನೂ ಕೆರೆಯುವುದರಿಂದ ವರ್ಜ್ಯ. ಕುಬ್ಜ ಏಂಜೆಲ್ ಮೀನಿನ ವರ್ತನೆ ಒಂದೊಂದರದು ಒಂದೊಂದು ರೀತಿ, ಮುಂಚಿತವಾಗಿ ಹೇಳಲಾಗದು.

ಒಳನಾಡಿನಲ್ಲಿ ಇವನ್ನು ಸಾಕುವಾಗ ಸ್ಥಳೀಯ ನೀರು, ಹವೆಯನ್ನೂ ಗಮನಿಸಬೇಕು. ಉದಾಹರಣೆಗೆ, ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುಣ್ಣಕಲ್ಲಿನ ನೆಲ. ಅಲ್ಲಿನ ಕೊಳವೆಬಾವಿಯ ಗಡಸು ನೀರನ್ನು ಆರ್‌ಒ ಯಂತ್ರದಲ್ಲಿ ಶೋಧಿಸಿದ ಮೇಲೆಯೇ ಕಡಲುಪ್ಪು ಬೆರೆಸಬೇಕಾಗುತ್ತದೆ. ಚಿಂಚೋಳಿ ಸೇರಿ ಈ ಭಾಗದ ಬೇಸಿಗೆ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ, ತೊಟ್ಟಿಯನ್ನು 24–27 ಡಿಗ್ರಿಯಲ್ಲಿರಿಸಲು ಚಿಲ್ಲರ್ ಅಗತ್ಯ. ತೊಟ್ಟಿಯ ನೀರಿನ ಲವಣಾಂಶ ಲೀಟರಿಗೆ ಸುಮಾರು 35 ಗ್ರಾಂ ಇರಬೇಕು.

ಕರ್ನಾಟಕದ ಕರಾವಳಿಯಲ್ಲಿ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳೂ ಚಿಟ್ಟೆಮೀನು, ಗಿಳಿಮೀನುಗಳೂ ಇವೆ. ಕಲ್ಲುಹವಳಗಳಿಗೆ 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದ್ದು, ಕಡಲಿನಿಂದ ಅವನ್ನು ಕೀಳುವುದು ಅಪರಾಧ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನಿನ ಮರಿ ಬೆಳೆಸುವ ತಂತ್ರ ರೂಪಿಸಿದೆ. ಇಂಥ ಸಾಕಿದ ಮರಿಗಳು ದಿಬ್ಬದಿಂದ ಹಿಡಿದವುಗಳಿಗಿಂತ ಒಣ ಆಹಾರಕ್ಕೆ ಬೇಗ ಹೊಂದಿಕೊಳ್ಳುತ್ತವೆ.